ಕಬಡ್ಡಿಗೆ ಇಳಿಯುವ ಮುನ್ನ ಮೈ ಪಳಗಲಿ



ಸುಗ್ಗಿ ಮುಗಿದು ಜಾತ್ರೆಗಳ ಕಾಲ ಬಂತೆಂದರೆ ನಮ್ಮ ಕಟ್ಟಾಯ ಹೋಬಳಿಯಲ್ಲಿಯೂ, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಗಳಲ್ಲಿಯೂ ಕಬಡ್ಡಿಯ ಮಾತು ಏಳುತ್ತದೆ. ಹದಿನಾಲ್ಕು, ಹದಿನೈದು ವರ್ಷದ ಹುಡುಗರು ವರ್ಷವೆಲ್ಲ ಅಂಕಣದ ಕಡೆ ಮುಖ ಹಾಕದೆ ಪಂದ್ಯದ ದಿನ ಚಡ್ಡಿ ತೊಟ್ಟು ಇಳಿದುಬಿಡುವುದುಂಟು. ಒಬ್ಬನ ಮಂಡಿ ತಿರುಚುತ್ತದೆ, ಇನ್ನೊಬ್ಬನ ಭುಜದ ಕೀಲು ತಪ್ಪುತ್ತದೆ. ಆಟ ಒಂದು ಗಳಿಗೆಯದು. ಕೆಟ್ಟ ಮಂಡಿಯ ನೋವು ಬಾಳಿನುದ್ದಕ್ಕೂ ಇರಬಹುದು. ನಾಳೆ ಗದ್ದೆಯ ಬದು ಹತ್ತಬೇಕಾದ ಕಾಲೂ ಅದೇ ಅಲ್ಲವೆ?

ಹಾಗೆಂದು ಮಕ್ಕಳನ್ನು ಆಟದಿಂದ ಬಿಡಿಸುವುದು ಸರಿಯಲ್ಲ. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯೆಂಬ ಹಳ್ಳಿಯ ಮಮತಾ ಪೂಜಾರಿಯವರು 2010 ಮತ್ತು 2014ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಆಡಿದರು. 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಹಳ್ಳಿಯ ಮಕ್ಕಳಿಗೆ ಈ ದಾರಿ ತೆರೆದಿದೆ. ಆದರೆ ಮೊದಲು ಮೈ ಪಳಗಬೇಕು.

ಹೊಲದ ದುಡಿಮೆ ಸಾಲದೆ?

“ನಮ್ಮ ಹುಡುಗ ಹೊಲದಲ್ಲಿ ದುಡಿಯುತ್ತಾನೆ, ಅವನಿಗೆ ಬೇರೆ ಕಸರತ್ತು ಏಕೆ?” ಎಂದು ನೀವು ಕೇಳಬಹುದು. ದುಡಿಮೆಯಿಂದ ಬೆನ್ನಿಗೆ, ತೋಳಿಗೆ ಬಲ ಬರುವುದು ನಿಜ. ಆದರೆ ಆಲೂಗಡ್ಡೆ ಮೂಟೆ ಹೊರುವಾಗ ನಾವು ನಿಧಾನವಾಗಿ, ನೇರವಾಗಿ ನಡೆಯುತ್ತೇವೆ. ಕಬಡ್ಡಿಯಲ್ಲಿ ಓಡುತ್ತಿರುವಾಗಲೇ ತಟ್ಟನೆ ತಿರುಗಬೇಕು, ಹಾರಿ ಒಂಟಿ ಕಾಲಿನ ಮೇಲೆ ಇಳಿಯಬೇಕು, ಮೈಮೇಲೆ ಮೂವರು ಬಿದ್ದಾಗ ನೆಲಕ್ಕೆ ಒರಗಬೇಕು. ಈ ಕೆಲಸಗಳನ್ನು ಹೊಲ ಕಲಿಸುವುದಿಲ್ಲ. ಹಳ್ಳಿಕಾರ್ ಹೋರಿಗರುವಿಗೆ ಮೊದಲ ದಿನವೇ ಭಾರದ ಗಾಡಿ ಕಟ್ಟುವ ರೈತ ಯಾರಿದ್ದಾನೆ? ಮೊದಲು ಬರಿಯ ನೊಗ, ಆಮೇಲೆ ಬರಿಗಾಡಿ, ಕೊನೆಗೆ ಭಾರ. ಬೆಳೆಯುವ ಮಕ್ಕಳ ಎಲುಬು, ಕೀಲುಗಳಿಗೂ ಇದೇ ನ್ಯಾಯ.

ಹೊರದೇಶದ ಒಂದು ಅನುಭವವನ್ನು ನೋಡಿರಿ. ಅಲ್ಲಿ ರಗ್ಬಿ ಎಂಬ ಆಟವುಂಟು. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುವವನನ್ನು ಎದುರಾಳಿಗಳು ತಬ್ಬಿ ಕೆಡವುತ್ತಾರೆ. ನಮ್ಮ ಕಬಡ್ಡಿಯ ಹಿಡಿತದಂತೆಯೇ. ಇಂಗ್ಲೆಂಡಿನ 40 ಶಾಲೆಗಳಲ್ಲಿ 14ರಿಂದ 18 ವರ್ಷದ ರಗ್ಬಿ ಹುಡುಗರ ಮೇಲೆ ನಡೆಸಿದ ಪರೀಕ್ಷೆಯ ಫಲ 2017ರಲ್ಲಿ ಪ್ರಕಟವಾಯಿತು. ಸಮತೋಲ, ಕಾಲು ಮತ್ತು ಕುತ್ತಿಗೆಯ ಬಲ, ಸರಿಯಾಗಿ ನೆಗೆದು ಇಳಿಯುವುದು ಇವುಗಳನ್ನು ಒಳಗೊಂಡ ಸುಮಾರು 20 ನಿಮಿಷದ ಕಸರತ್ತನ್ನು ವಾರಕ್ಕೆ ಮೂರು ಸಲವಾದರೂ ಮಾಡಿದ ತಂಡಗಳಲ್ಲಿ, ಮಾಮೂಲು ಕಸರತ್ತಿನ ತಂಡಗಳಿಗಿಂತ ಪಂದ್ಯದ ಗಾಯಗಳು ನೂರಕ್ಕೆ 72ರಷ್ಟು, ತಲೆಯ ಪೆಟ್ಟುಗಳು ನೂರಕ್ಕೆ 59ರಷ್ಟು ಕಡಮೆಯಾದವು. ಇದಕ್ಕೆ ಹಣ ಬೇಡ, ಯಂತ್ರ ಬೇಡ. ಬೇಕಾದುದು ನಿಯಮ ಮಾತ್ರ.

ವಾರಕ್ಕೆ ಮೂರು ದಿನ

ಪಂದ್ಯಕ್ಕೆ ಎಂಟು ವಾರ ಮೊದಲೇ ಆರಂಭಿಸಬೇಕು. ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ, ಒಂದೊಂದು ಗಂಟೆ ಸಾಕು.

ಮೊದಲ 20 ನಿಮಿಷ ಮೈ ಬಿಸಿಮಾಡಿ ಬಲಪಡಿಸುವುದು. ಮೆಲ್ಲಗೆ ಓಟ, ಅನಂತರ ಗರಡಿಯ ಹಿರಿಯರು ಬಲ್ಲ ಬಸ್ಕಿ ಮತ್ತು ದಂಡ, ಹತ್ತು ಹತ್ತರಂತೆ ಎರಡು ಸಲ. ಒಂಟಿ ಕಾಲಿನ ಮೇಲೆ ಅರ್ಧ ನಿಮಿಷ ನಿಲ್ಲುವುದು. ಹಾರಿ ಇಳಿಯುವಾಗ ಮಂಡಿ ಬಾಗಿರಬೇಕು, ಒಳಕ್ಕೆ ವಾಲದೆ ಕಾಲ್ಬೆರಳಿನ ನೇರಕ್ಕೆ ಇರಬೇಕು. ಇದನ್ನು ಹೆಣ್ಣುಮಕ್ಕಳಿಗೆ ಹೆಚ್ಚು ಗಮನವಿಟ್ಟು ಕಲಿಸತಕ್ಕದ್ದು. ಮಂಡಿಯೊಳಗಿನ ಕಟ್ಟು ಹರಿಯುವುದು ಅವರಲ್ಲಿಯೇ ಹೆಚ್ಚು.

ಎರಡನೆಯ 20 ನಿಮಿಷ ಕೌಶಲ. ಒಂದು ದಾಳಿಗೆ ಇರುವ ಕಾಲ 30 ಸೆಕೆಂಡು. ಆದುದರಿಂದ “ಕಬಡ್ಡಿ, ಕಬಡ್ಡಿ” ಎನ್ನುತ್ತಲೇ 30 ಸೆಕೆಂಡು ಅಕ್ಕಪಕ್ಕಕ್ಕೆ, ಹಿಂದಕ್ಕೆ, ಮುಂದಕ್ಕೆ ಚಲಿಸಿ, ಒಂದೂವರೆ ನಿಮಿಷ ದಣಿವಾರಿಸಿಕೊಳ್ಳಲಿ. ಮೊದಲ ವಾರ ಆರು ಸಲ, ಬರಬರುತ್ತ ಹತ್ತು ಸಲ. ಉಸಿರೂ ಕಾಲೂ ಜೊತೆಯಾಗಿ ದುಡಿಯುವುದನ್ನು ಹೀಗೆ ಕಲಿಯುತ್ತಾರೆ.

ಕೊನೆಯ 20 ನಿಮಿಷ ಆಟ. ಮೂಟೆ ಹೊತ್ತು ದಣಿದ ದಿನ ಕಸರತ್ತನ್ನು ಅರ್ಧಕ್ಕೆ ಇಳಿಸಿರಿ.

ಹಿಡಿಯುವ ಬಗೆ

ಹಿಡಿತವನ್ನು ಓಟದಲ್ಲಿ ಕಲಿಸಬಾರದು. ರಗ್ಬಿಯ ಶಿಕ್ಷಕರು ಮೊದಲು ಮಂಡಿಯೂರಿ, ಆಮೇಲೆ ನಿಂತು, ನಡೆಯುತ್ತ, ಕೊನೆಗೆ ಓಡುತ್ತ ಹಿಡಿಯುವುದನ್ನು ಕಲಿಸುತ್ತಾರೆ. ನಮಗೂ ಇದೇ ಕ್ರಮ ಒಪ್ಪುತ್ತದೆ. ಹಿಡಿಯುವವನ ಕಣ್ಣು ತೆರೆದಿರಬೇಕು, ಬೆನ್ನು ನೆಟ್ಟಗಿರಬೇಕು. ಅವನ ತಲೆ ಎಂದಿಗೂ ಎದುರಾಳಿಯ ಮಂಡಿಯ ಮುಂದೆ ಬರಬಾರದು, ಪಕ್ಕದಲ್ಲಿರಬೇಕು. ಬೀಳುವವನು ಗದ್ದವನ್ನು ಎದೆಗೆ ಒತ್ತಿಕೊಂಡು ಪಕ್ಕಕ್ಕೆ ಉರುಳಬೇಕು. ಕೈ ಚಾಚಿ ನೆಲಕ್ಕೆ ಊರಬಾರದು. ದಾಳಿಗಾರನ ಬಾಯಿ ಮುಚ್ಚುವುದು, ಎರಡು ಕಾಲುಗಳ ಕತ್ತರಿಯಲ್ಲಿ ಸಿಕ್ಕಿಸುವುದು ನಿಯಮಕ್ಕೆ ವಿರುದ್ಧ. ಅದನ್ನು ಮೆಚ್ಚಿ ಚಪ್ಪಾಳೆ ತಟ್ಟಬೇಡಿರಿ.

ಪೆಟ್ಟಾದಾಗ

ತಲೆಗೆ ಪೆಟ್ಟು ಬಿದ್ದು ತಲೆಸುತ್ತು, ತಲೆನೋವು, ಮಂಕು ಕಂಡರೆ, ನಡೆದುದು ನೆನಪಿಲ್ಲದಿದ್ದರೆ, ಆ ದಿನ ಅವನು ಮತ್ತೆ ಆಡಕೂಡದು. ಊರಿನ ಮರ್ಯಾದೆ ಎಷ್ಟೇ ದೊಡ್ಡದಿರಲಿ. ವೈದ್ಯರು ಒಪ್ಪಿದ ಮೇಲೆಯೇ ಹಂತ ಹಂತವಾಗಿ ಮರಳಲಿ. ಪದೇ ಪದೇ ವಾಂತಿ, ಅತಿ ತೂಕಡಿಕೆ, ಫಿಟ್ಸ್ ಕಂಡರೆ ತಡಮಾಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಿರಿ. ಕಾಲು ಉಳುಕಿದರೆ ಕೂಡಲೇ ಎಣ್ಣೆ ಹಚ್ಚಿ ನೀವಿಸುವುದು, ಎಳೆಸುವುದು ತಪ್ಪು. ತಣ್ಣೀರಿನ ಬಟ್ಟೆ ಸುತ್ತಿ, ಕಾಲನ್ನು ಎತ್ತರದಲ್ಲಿಟ್ಟು, ಊತ ಹೆಚ್ಚಿದರೆ ಅಥವಾ ಹೆಜ್ಜೆ ಊರಲಾಗದಿದ್ದರೆ ವೈದ್ಯರಿಗೆ ತೋರಿಸಿರಿ.

ಅಂಕಣ ಮತ್ತು ಆಹಾರ

ಹೆಂಗಸರ ಮತ್ತು ಜೂನಿಯರ್ ಹುಡುಗಿಯರ ತಂಡಗಳ ಅಂಕಣ 12 ಮೀಟರು ಉದ್ದ, 8 ಮೀಟರು ಅಗಲ. ನೆಲವನ್ನು ಗೇಣುದ್ದ ಅಗೆದು ಕಲ್ಲು, ಗಾಜಿನ ಚೂರು, ಬೇರು ಆರಿಸಿ, ಜರಡಿ ಹಿಡಿದ ಮಣ್ಣಿಗೆ ಮರದ ಹೊಟ್ಟು ಬೆರೆಸಿ ತುಂಬಿದರೆ ಮೆತ್ತಗಾಗುತ್ತದೆ. ಸುತ್ತಲೂ 4 ಮೀಟರು ತೆರವಿರಲಿ. ಬೇಲಿ, ಕಲ್ಲುಕಂಬ ಬೇಡ. ಮಣ್ಣಿನಲ್ಲಿ ಬಿದ್ದು ಆದ ಗಾಯದಿಂದ ಧನುರ್ವಾಯು ಬರಬಹುದು. 10 ಮತ್ತು 16ನೆಯ ವಯಸ್ಸಿನಲ್ಲಿ ಸರ್ಕಾರದ ವತಿಯಿಂದ ಉಚಿತವಾಗಿ ಹಾಕುವ ಚುಚ್ಚುಮದ್ದನ್ನು ತಪ್ಪದೆ ಹಾಕಿಸಿರಿ.

ಆಹಾರಕ್ಕೆ ಪೇಟೆಯ ಪುಡಿ ಡಬ್ಬಿಗಳು ಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಎಲುಬಿಗೆ ಅದು ಬೇಕು. ಮುದ್ದೆಯ ಜೊತೆಗೆ ಹುರುಳಿ ಅಥವಾ ಅವರೆಯ ಸಾರು, ಸೊಪ್ಪು, ಹಾಲು, ಒಗ್ಗುವವರಿಗೆ ಮೊಟ್ಟೆ ಇರಲಿ. ಕಬಡ್ಡಿಯಲ್ಲಿ ತೂಕದ ಮಿತಿಯುಂಟು. ತಕ್ಕಡಿಗೆ ಸಲ್ಲಲೆಂದು ಬೆಳೆಯುವ ಹುಡುಗನನ್ನು ಉಪವಾಸ ಕೆಡವುವುದು, ನೀರು ಬಿಡಿಸುವುದು ಅಪಾಯ. ಅವನ ಮೈ ಯಾವ ತೂಕಕ್ಕೆ ಬೆಳೆದಿದೆಯೋ ಆ ಗುಂಪಿನಲ್ಲಿಯೇ ಆಡಲಿ.

ನಿಮ್ಮ ಊರಿನ ಶಾಲೆಯ ದೈಹಿಕ ಶಿಕ್ಷಣದ ಮೇಷ್ಟರನ್ನೂ ಹಿರಿಯ ಆಟಗಾರರನ್ನೂ ಕೂಡಿಸಿ, ಒಂದು ಜಾಗ ಗೊತ್ತುಮಾಡಿರಿ. ನಾಲ್ಕು ಮನೆಯವರು ಒಂದು ದಿನ ಗುದ್ದಲಿ ಹಿಡಿದರೆ ಅಂಕಣ ಸಿದ್ಧವಾಗುತ್ತದೆ. ಬಿತ್ತನೆಗೆ ಮುಂಚೆ ಹೊಲ ಹದಮಾಡುವುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಜಾಣ್ಮೆಯನ್ನು ಮಕ್ಕಳ ಮೈಯ ವಿಷಯದಲ್ಲಿಯೂ ತೋರಿಸಿರಿ. ಅವರು ಗೆದ್ದು ಬರಲಿ, ಸೋತರೂ ಗಟ್ಟಿ ಕಾಲಿನಿಂದ ನಡೆದೇ ಮನೆಗೆ ಬರಲಿ.