ಗಾಯ ಮಾಯಿಸುವ ಆಕರಕೋಶಗಳು: ನಂಬಿಕೆ ಎಷ್ಟು, ನಿಜ ಎಷ್ಟು?

ಚರ್ಮದ ಗಾಯ ಮಾಯಬೇಕಾದರೆ ಮೊದಲು ಅಲ್ಲಿಗೆ ರಕ್ತ ತಲುಪಬೇಕು. ಅತಿ ಸಣ್ಣ ರಕ್ತನಾಳವಾದ ಲೋಮನಾಳದಿಂದ ಸುಮಾರು 0.1ರಿಂದ 0.2 ಮಿಲಿಮೀಟರ್‌ಗಿಂತ ದೂರವಿರುವ ಜೀವಕೋಶಕ್ಕೆ ಸಾಕಷ್ಟು ಆಮ್ಲಜನಕ ಸಿಗುವುದಿಲ್ಲ. ಗಾಯವಾದ ಕೆಲವೇ ದಿನಗಳಲ್ಲಿ ಅಂಚಿನ ರಕ್ತನಾಳಗಳು ಕುಡಿಯೊಡೆದು ಒಳಕ್ಕೆ ಚಾಚತೊಡಗುತ್ತವೆ. ಗಾಯದ ತಳದಲ್ಲಿ ಹರಳು ಹರಳಾಗಿ, ಮುಟ್ಟಿದರೆ ರಕ್ತ ಜಿನುಗುವ ಕೆಂಪು ಮಾಂಸ ಕಾಣಿಸುವುದು ಈ ಹೊಸ ನಾಳಗಳಿಂದಲೇ. ಮಧುಮೇಹಿಗಳ ಪಾದದ ಹುಣ್ಣಿನಲ್ಲಿ ಎಷ್ಟೋ ಸಲ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ; ತಳ ಬಿಳಿಚಿಕೊಂಡು, ಹುಣ್ಣು ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ. ಅಲ್ಲಿ ನಾಳಗಳನ್ನು ಬೆಳೆಸಲು ವಯಸ್ಕರ ಆಕರಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು ಬಳಸುವ ಪ್ರಯತ್ನ ನಡೆದಿದೆ. ಅದರ ಬಗ್ಗೆ ಜನರಲ್ಲಿ ಆಸೆಯೂ ಇದೆ, ತಪ್ಪು ತಿಳಿವಳಿಕೆಯೂ ಇದೆ.

ಆಕರಕೋಶ ಎಂದರೆ ಭ್ರೂಣದಿಂದ ತೆಗೆದದ್ದು ಎಂಬುದು ಅವುಗಳಲ್ಲೊಂದು. ಗಾಯದ ಚಿಕಿತ್ಸೆಗೆ ಹೆಚ್ಚಾಗಿ ಪರೀಕ್ಷಿಸಿರುವ ಕೋಶಗಳು ದೊಡ್ಡವರ ಮೂಳೆಮಜ್ಜೆಯಲ್ಲಿ ಮತ್ತು ಚರ್ಮದಡಿಯ ಕೊಬ್ಬಿನಲ್ಲಿ ಸಿಗುತ್ತವೆ. ಲೈಪೊಸಕ್ಷನ್‌ನಲ್ಲಿ ಹೀರಿ ತೆಗೆದು ಎಸೆಯುವ ಕೊಬ್ಬಿನಲ್ಲೂ ಇಂಥ ಕೋಶಗಳಿವೆ ಎಂಬುದನ್ನು ಅಮೆರಿಕದ ಸಂಶೋಧಕರು 2001ರಲ್ಲಿ ತೋರಿಸಿದರು.

ಚುಚ್ಚಿದ ಕೋಶಗಳೇ ರಕ್ತನಾಳಗಳಾಗಿ ಬೆಳೆಯುತ್ತವೆ ಎಂಬ ನಂಬಿಕೆ ಇನ್ನೂ ಗಟ್ಟಿಯಾದದ್ದು. ಅದಕ್ಕೆ ಕಾರಣವೂ ಇತ್ತು. ವಯಸ್ಕರ ರಕ್ತದಲ್ಲಿ ಹರಿದಾಡುವ ಕೆಲವು ಕೋಶಗಳು ಹೊಸ ನಾಳಗಳ ರಚನೆಯಲ್ಲಿ ಸೇರಿಕೊಳ್ಳಬಲ್ಲವು ಎಂದು ಟಕಾಯುಕಿ ಅಸಹಾರ ಮತ್ತು ಸಂಗಡಿಗರು 1997ರಲ್ಲಿ ವರದಿ ಮಾಡಿದ್ದರು. ಆದರೆ ಮುಂದಿನ ಪ್ರಯೋಗಗಳು ಬೇರೆಯೇ ಚಿತ್ರ ಕೊಟ್ಟವು. ಮಧುಮೇಹವಿರುವ ಇಲಿಗಳ ಗಾಯಕ್ಕೆ ಮಜ್ಜೆಯ ಕೋಶಗಳನ್ನು ಹಾಕಿದಾಗ ನಾಳಗಳು ಹೆಚ್ಚಿದವು, ಗಾಯ ಬೇಗ ಮುಚ್ಚಿತು. ಹಾಕಿದ ಕೋಶಗಳಲ್ಲಿ ಬಹುಪಾಲು ಮಾತ್ರ ಕೆಲವು ವಾರಗಳಲ್ಲೇ ಕಾಣೆಯಾದವು. ಕೋಶಗಳನ್ನು ಸೋಸಿ ತೆಗೆದು, ಅವು ಬೆಳೆದ ದ್ರವವನ್ನಷ್ಟೇ ಹಾಕಿದರೂ ಗಾಯ ಮಾಯುವುದು ಚುರುಕಾಯಿತು. ಅಂದರೆ ಈ ಕೋಶಗಳ ಮುಖ್ಯ ಕೆಲಸ ತಾವೇ ನಾಳವಾಗುವುದಲ್ಲ, ಸುತ್ತಲಿನ ಕೋಶಗಳಿಗೆ ಸೂಚನೆ ಕೊಡುವುದು. ನಾಳದ ಒಳಪದರವನ್ನು ಕುಡಿಯೊಡೆಯುವಂತೆ ಪ್ರಚೋದಿಸುವ ವಿಇಜಿಎಫ್‌ನಂಥ ಪ್ರೋಟೀನುಗಳನ್ನು ಅವು ಸ್ರವಿಸುತ್ತವೆ, ಆಮ್ಲಜನಕ ಕಡಿಮೆಯಿದ್ದಲ್ಲಿ ಇನ್ನೂ ಹೆಚ್ಚಾಗಿ. ಉರಿಯೂತವನ್ನೂ ತಗ್ಗಿಸುತ್ತವೆ. 1991ರಲ್ಲಿ ಈ ಕೋಶಗಳಿಗೆ 'ಮೀಸೆಂಕೈಮಲ್ ಸ್ಟೆಮ್ ಸೆಲ್' ಎಂಬ ಹೆಸರನ್ನು ಬಳಕೆಗೆ ತಂದ ಆರ್ನಲ್ಡ್ ಕ್ಯಾಪ್ಲನ್ ಅವರೇ, ಆ ಹೆಸರು ದಾರಿ ತಪ್ಪಿಸುತ್ತದೆ, ಬದಲಿಸಿ ಎಂದು 2017ರಲ್ಲಿ ಒತ್ತಾಯಿಸಿದರು. ವಿಜ್ಞಾನಿಯೊಬ್ಬರು ತಾವು ಕೊಟ್ಟ ಹೆಸರನ್ನೇ ಕೈಬಿಡಲು ಮುಂದಾದದ್ದು ಮೆಚ್ಚಬೇಕಾದ ನಡೆ.

ನಾಳಗಳು ಹೆಚ್ಚಿದಷ್ಟೂ ಒಳ್ಳೆಯದು ಎಂಬುದೂ ಸರಿಯಲ್ಲ. ಮಾಯುವ ಗಾಯದಲ್ಲಿ ದೇಹ ಬೇಕಾದ್ದಕ್ಕಿಂತ ಹೆಚ್ಚು ಲೋಮನಾಳಗಳನ್ನು ಹುಟ್ಟಿಸಿ, ಆಮೇಲೆ ಹೆಚ್ಚಿನವನ್ನು ಅಳಿಸಿಹಾಕುತ್ತದೆ. ಹೊಸ ನಾಳಗಳು ಸೋರುತ್ತವೆ; ಹೊರಗಿನಿಂದ ಆಸರೆಕೋಶಗಳು ಸುತ್ತಿಕೊಂಡ ಮೇಲಷ್ಟೇ ಗಟ್ಟಿಯಾಗುತ್ತವೆ. ಗಡ್ಡೆಗಳೂ ಇದೇ ಬಗೆಯ ಸಂಕೇತಗಳಿಂದ ರಕ್ತ ಪಡೆಯುವುದರಿಂದ, ಕ್ಯಾನ್ಸರ್ ಇದ್ದವರ ವಿಷಯದಲ್ಲಿ ಎಚ್ಚರಿಕೆ ಅಗತ್ಯ.

ತನ್ನದೇ ಕೋಶ ಎಲ್ಲಕ್ಕಿಂತ ಮೇಲು ಎಂಬ ಮಾತೂ ಎಲ್ಲರಿಗೂ ಅನ್ವಯಿಸುವುದಿಲ್ಲ. ವಯಸ್ಸು ಮತ್ತು ದೀರ್ಘಕಾಲದ ಮಧುಮೇಹ ಈ ಕೋಶಗಳ ಶಕ್ತಿಯನ್ನೂ ಕುಗ್ಗಿಸುತ್ತವೆ. ಇನ್ನೊಬ್ಬರದಾದರೂ ಇಂಥ ಕೋಶಗಳನ್ನು ರೋಗನಿರೋಧಕ ವ್ಯವಸ್ಥೆ ಅಷ್ಟು ತೀವ್ರವಾಗಿ ವಿರೋಧಿಸದ ಕಾರಣ ಆರೋಗ್ಯವಂತ ದಾನಿಗಳ ಮಜ್ಜೆಯ ಕೋಶಗಳನ್ನೂ ಬಳಸಬಹುದು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಹೀಗೆಯೇ ತಯಾರಿಸಿದ ಸ್ಟೆಂಪ್ಯೂಸೆಲ್‌ಗೆ, ಬರ್ಜರ್ ಕಾಯಿಲೆಯಿಂದ ಕಾಲಿನ ರಕ್ತಸಂಚಾರ ತೀವ್ರವಾಗಿ ಕುಂದಿದವರ ಚಿಕಿತ್ಸೆಗಾಗಿ 2016ರಲ್ಲಿ ಸೀಮಿತ ಅನುಮತಿ ಸಿಕ್ಕಿತು.

ಇದನ್ನೇ ಹಿಡಿದು ಆಕರಕೋಶ ಚಿಕಿತ್ಸೆ ಎಲ್ಲ ಗಾಯಕ್ಕೂ ಸಿದ್ಧವಾಗಿದೆ ಎನ್ನಲಾಗದು. ಅಂಗಡಿಯ 'ಸ್ಟೆಮ್ ಸೆಲ್' ಕ್ರೀಮುಗಳಲ್ಲಿ ಜೀವಂತ ಕೋಶಗಳಿರುವುದಿಲ್ಲ. ಹಲವುಗಳಲ್ಲಿ ಇರುವುದು ಗಿಡದ ಕೋಶಗಳ ಸಾರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯಂತೆ, ಅನುಮೋದಿತ ಬಳಕೆಗಳನ್ನು ಬಿಟ್ಟರೆ, ಆಕರಕೋಶಗಳನ್ನು ರೋಗಿಗಳಿಗೆ ಕೊಡುವುದು ನೈತಿಕ ಸಮಿತಿಯ ಒಪ್ಪಿಗೆ ಪಡೆದು ನೋಂದಾಯಿಸಿದ ಪ್ರಯೋಗದಲ್ಲಿ ಮಾತ್ರ. ಪಾದದ ಹುಣ್ಣಿಗೆ ಮೊದಲ ಚಿಕಿತ್ಸೆ ಇಂದಿಗೂ ಸಕ್ಕರೆಯ ಹತೋಟಿ, ಸತ್ತ ಮಾಂಸ ತೆಗೆಯುವುದು, ಸೋಂಕು ನಿವಾರಣೆ ಮತ್ತು ಆ ಪಾದದ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು. ಕಾಲಿನ ದೊಡ್ಡ ಅಪಧಮನಿಯೇ ಕಟ್ಟಿಕೊಂಡಿದ್ದರೆ, ಸಾಧ್ಯವಿರುವ ಕಡೆ ಆಂಜಿಯೊಪ್ಲಾಸ್ಟಿ ಅಥವಾ ಬೈಪಾಸ್‌ನಿಂದ ಅದನ್ನು ಮೊದಲು ಸರಿಪಡಿಸಬೇಕು, ಏಕೆಂದರೆ ಹೊಸ ಲೋಮನಾಳಗಳಿಗೂ ರಕ್ತ ಬರಬೇಕಾದದ್ದು ಅಲ್ಲಿಂದಲೇ.