ಕಡಲಂಚಿನ ಜಲವರ್ಣ ಮತ್ತು ಜನಜೀವನ

ಬ್ರಿಟನ್ನಿನ ರಮ್ಯಯುಗದ ಕಡಲತೀರದ ಜಲವರ್ಣಗಳನ್ನು ಬೆಳಕು, ಮೋಡ, ಬಿರುಗಾಳಿಗಳ ಭವ್ಯತೆಗಾಗಿಯೇ ನೋಡುವ ರೂಢಿಯಿದೆ. ಮುನ್ನೆಲೆಯಲ್ಲಿ ದುಡಿಯುವ ಬೆಸ್ತರು, ದೋಣಿಕಾರರು, ಕಳ್ಳಸಾಗಣೆಯವರು ಕೇವಲ ಅಲಂಕಾರಕ್ಕೆ ಬಂದವರೆಂಬ ಭಾವನೆ ಇದರಿಂದ ಬೆಳೆದಿದೆ. ಜಾನಪದ ಅಧ್ಯಯನದ ದೃಷ್ಟಿಯಿಂದ ಈ ಭಾವನೆ ಮರುಪರಿಶೀಲನೆಗೆ ಅರ್ಹವಾದುದು.

1793ರಿಂದ 1815ರವರೆಗೆ ಫ್ರಾನ್ಸಿನೊಡನೆ ನಡೆದ ಯುದ್ಧಗಳಿಂದ ಯುರೋಪಿನ ಪ್ರವಾಸ ಬಹುಕಾಲ ದುಸ್ತರವಾಗಿತ್ತು. ಚಿತ್ರಕಾರರು ತಮ್ಮ ನಾಡಿನ ಅಂಚಿನತ್ತ ಹೊರಳಲು ಇದೂ ಒಂದು ಕಾರಣ. ಟರ್ನರ್ (1775–1851) 1811ರಲ್ಲಿ ಡಾರ್ಸೆಟ್, ಡೆವನ್, ಕಾರ್ನ್‌ವಾಲ್‌ಗಳನ್ನು ಸುತ್ತಿದನು. ಇಂಗ್ಲೆಂಡಿನ ದಕ್ಷಿಣ ಕರಾವಳಿಯನ್ನು ಕುರಿತ ಅವನ ಜಲವರ್ಣಗಳು ಕುಕ್ ಸಹೋದರರ ತಾಮ್ರಫಲಕಗಳ ಮೂಲಕ 1814ರಿಂದ 1826ರವರೆಗೆ ಕಂತುಕಂತಾಗಿ ಪ್ರಕಟಗೊಂಡವು.

ಅದೇ 1814ರಲ್ಲಿ ವಿಲಿಯಂ ಡೇನಿಯಲ್‌ನ ಬ್ರಿಟನ್ ಪ್ರದಕ್ಷಿಣೆಯ ಸಂಪುಟಗಳೂ ಆರಂಭವಾದವು. 1825ರಲ್ಲಿ ಮುಗಿದಾಗ ಅವುಗಳಲ್ಲಿ 308 ಚಿತ್ರಗಳಿದ್ದವು. ಇವನು ಎಳೆಯ ವಯಸ್ಸಿನಲ್ಲಿ ಚಿಕ್ಕಪ್ಪ ಥಾಮಸ್ ಡೇನಿಯಲ್‌ನೊಂದಿಗೆ ಭಾರತದಲ್ಲಿ ಸಂಚರಿಸಿ, 1792ರ ದಕ್ಷಿಣ ಪ್ರವಾಸದಲ್ಲಿ ಬೆಂಗಳೂರಿಗೂ ಬಂದವನು. ಸ್ಥಳವನ್ನು ಇದ್ದಂತೆ ದಾಖಲಿಸುವ ಶಿಸ್ತು ಅವನಿಗೆ ಮೈಗೂಡಿದ್ದುದು ಈ ಅಲೆದಾಟದಲ್ಲಿಯೇ. ಅವನ ಮುದ್ರಣಗಳು ನಿಜಾರ್ಥದಲ್ಲಿ ಜಲವರ್ಣಗಳಲ್ಲ. ಫಲಕದ ಮೇಲೆ ರಾಳದ ಪುಡಿ ಹರಡಿ, ಆಮ್ಲದಿಂದ ಕೊರೆಯಿಸಿ, ಜಲವರ್ಣದ ಛಾಯೆಗಳನ್ನು ಅನುಕರಿಸಿದ ಅಕ್ವಾಟಿಂಟ್‌ಗಳು.

1820ರ ದಶಕದಲ್ಲಿ ಟರ್ನರ್ ರಚಿಸಿದ ಫೋಕ್‌ಸ್ಟೋನ್ ಚಿತ್ರಗಳು ಇಲ್ಲಿ ಮುಖ್ಯವಾಗುತ್ತವೆ. ವಿದೇಶಿ ಮದ್ಯದ ಮೇಲಿನ ಭಾರಿ ಸುಂಕವನ್ನು ತಪ್ಪಿಸಲು ಕರಾವಳಿಯ ಜನ ಜಿನ್ ಪೀಪಾಯಿಗಳಿಗೆ ಕಲ್ಲು ಕಟ್ಟಿ, ದಡದ ಸಮೀಪ ನೀರಿನಲ್ಲಿ ಮುಳುಗಿಸಿಡುತ್ತಿದ್ದರು. ಕಾವಲು ಸಡಿಲವಾದಾಗ ಕೊಕ್ಕೆ ಹಾಕಿ ಮೇಲೆತ್ತುತ್ತಿದ್ದರು. ಹಗ್ಗ, ಭಾರ, ಆಳ, ಉಬ್ಬರವಿಳಿತಗಳನ್ನು ಬಲ್ಲವರಿಗೆ ಮಾತ್ರ ಸಾಧ್ಯವಾದ ಕೆಲಸವಿದು. ಕಾನೂನಿನ ಕಡತಗಳಲ್ಲಿ ಅಪರಾಧವೆಂದು ಮಾತ್ರ ನಮೂದಾಗುವ ಈ ಕಸುಬುಜ್ಞಾನವನ್ನು ಟರ್ನರ್ ಮುಸ್ಸಂಜೆಯ ಬೆಳಕಿನಲ್ಲಿ ಮೈಮುರಿದು ದುಡಿಯುವ ದೇಹಗಳ ಮೂಲಕ ಕಾಣಿಸಿದ್ದಾನೆ.

ಹಾಗೆಂದು ಚಿತ್ರವನ್ನು ನೇರ ದಾಖಲೆಯೆಂದು ಒಪ್ಪಲಾಗದು. ಟರ್ನರ್ ಬಂಡೆಯನ್ನು ಎತ್ತರಿಸುತ್ತಾನೆ, ಊರನ್ನು ಸರಿಸುತ್ತಾನೆ. ಹಸಿ ಕಾಗದದ ಮೇಲೆ ಬಣ್ಣ ಹರಿಯಬಿಟ್ಟು, ಒರೆಸಿ, ಕೆರೆದು ನೊರೆಯ ಬಿಳುಪನ್ನು ಹೊರತೆಗೆಯುತ್ತಾನೆ. ನೆಲದ ಆಕಾರಕ್ಕೆ ಡೇನಿಯಲ್ಲನೇ ಹೆಚ್ಚು ನಂಬಲರ್ಹ. ದುಡಿಮೆಯ ಚಲನೆಗೆ ಟರ್ನರ್. 1830ರ ದಶಕದ ಮಧ್ಯಭಾಗದ ಲಾಂಗ್‌ಶಿಪ್ಸ್ ದೀಪಸ್ತಂಭದ ಜಲವರ್ಣದಲ್ಲಂತೂ ಒಡೆದ ಹಡಗಿನ ಮರದ ತುಂಡುಗಳು ಮುನ್ನೆಲೆಯಲ್ಲಿ ತೇಲುತ್ತವೆ. ದೀಪವು ದೂರದಲ್ಲಿ ಉರಿಯುತ್ತಲೇ ಇದೆ.