ಮುಪ್ಪಿಗೆ ಚುಚ್ಚುಮದ್ದು ಬೇಕೇ? ಬೆಳವಣಿಗೆಯ ಹಾರ್ಮೋನಿನ ನಿಜಸ್ಥಿತಿ



ಕಳೆದ ತಿಂಗಳ ಶಿವಾನುಭವ ಗೋಷ್ಠಿ ಮುಗಿದು ಪ್ರಸಾದಕ್ಕೆ ಕುಳಿತಿದ್ದಾಗ ವಿಜಯನಗರದ ಹಿರಿಯ ಭಕ್ತರೊಬ್ಬರು ತಮ್ಮ ಮೊಬೈಲಿಗೆ ಬಂದಿದ್ದ ಜಾಹೀರಾತೊಂದನ್ನು ನಮಗೆ ತೋರಿಸಿದರು. ಆರು ತಿಂಗಳ ಕಾಲ ಬೆಳವಣಿಗೆಯ ಹಾರ್ಮೋನಿನ ಚುಚ್ಚುಮದ್ದು ತೆಗೆದುಕೊಂಡರೆ ವಯಸ್ಸು ಇಪ್ಪತ್ತು ವರ್ಷ ಹಿಂದಕ್ಕೆ ಸರಿಯುತ್ತದೆ ಎಂಬುದು ಅದರ ಸಾರ. ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ಇದಕ್ಕೆಂದು ತೆಗೆದಿರಿಸಬಹುದೇ ಎಂದು ಅವರು ಕೇಳಿದರು. ಮೊಣಕಾಲು ನೋವು, ಮೆಟ್ಟಿಲು ಹತ್ತುವಾಗ ಆಯಾಸ, ಲಿಂಗಪೂಜೆಗೆ ನೆಲದ ಮೇಲೆ ಕುಳಿತರೆ ಏಳಲು ಕಷ್ಟ: ಇವು ಅವರ ತೊಂದರೆಗಳು. ನಮ್ಮಲ್ಲಿ ಬಹುತೇಕ ಹಿರಿಯರ ತೊಂದರೆಗಳೂ ಇವೇ ಆಗಿರುವುದರಿಂದ, ಅವರ ಪ್ರಶ್ನೆಗೆ ಈ ಸಂಚಿಕೆಯಲ್ಲಿ ಎಲ್ಲರಿಗೂ ತಿಳಿಯುವಂತೆ ಉತ್ತರಿಸಲು ಯತ್ನಿಸುತ್ತೇವೆ.

ಈ ಹಾರ್ಮೋನು ಯಾವುದು?

ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಗಾತ್ರದ ಪಿಟ್ಯೂಟರಿ ಎಂಬ ಗ್ರಂಥಿಯಿದೆ. ಅದು ಸ್ರವಿಸುವ ಹಲವು ಹಾರ್ಮೋನುಗಳಲ್ಲಿ ಬೆಳವಣಿಗೆಯ ಹಾರ್ಮೋನೂ ಒಂದು. 191 ಅಮೈನೋ ಆಮ್ಲಗಳು ಸರಪಳಿಯಂತೆ ಹೆಣೆದುಕೊಂಡು ಆದ ಪ್ರೋಟೀನು ಇದು. ರಕ್ತದ ಮೂಲಕ ಯಕೃತ್ತನ್ನು ತಲುಪಿ, ಅಲ್ಲಿ ಐಜಿಎಫ್-1 ಎಂಬ ಮತ್ತೊಂದು ವಸ್ತು ಉತ್ಪತ್ತಿಯಾಗುವಂತೆ ಮಾಡುತ್ತದೆ. ಮಕ್ಕಳ ಎಲುಬುಗಳು ಉದ್ದವಾಗುವುದು ಬಹುಮಟ್ಟಿಗೆ ಈ ಎರಡರ ಕೂಡುಕೆಲಸದಿಂದ. ಎತ್ತರ ನಿಂತ ಮೇಲೂ ಇದರ ಕೆಲಸ ಮುಗಿಯುವುದಿಲ್ಲ. ಸ್ನಾಯುಗಳನ್ನು ಕಾಪಾಡುವುದು, ಶೇಖರವಾದ ಕೊಬ್ಬನ್ನು ಕರಗಿಸಿ ಶಕ್ತಿಯನ್ನಾಗಿಸುವುದು, ಎಲುಬಿನ ಗಟ್ಟಿತನವನ್ನು ಉಳಿಸುವುದು ಇವೆಲ್ಲ ಜೀವನದುದ್ದಕ್ಕೂ ನಡೆಯುತ್ತವೆ.

ಈ ಹಾರ್ಮೋನು ದಿನವಿಡೀ ಒಂದೇ ಸಮನೆ ಜಿನುಗುವುದಿಲ್ಲ, ಅಲೆಯಲೆಯಾಗಿ ಬರುತ್ತದೆ. ಅತಿ ದೊಡ್ಡ ಅಲೆ ಏಳುವುದು ಸಾಮಾನ್ಯವಾಗಿ ರಾತ್ರಿ ಮಲಗಿದ ಮೇಲಿನ ಮೊದಲ ಗಾಢ ನಿದ್ರೆಯಲ್ಲಿ. ಹರೆಯದಲ್ಲಿ ಇದರ ಪ್ರಮಾಣ ಉಚ್ಚಮಟ್ಟದಲ್ಲಿದ್ದು, ಅನಂತರ ಮೆಲ್ಲಮೆಲ್ಲನೆ ತಗ್ಗುತ್ತದೆ. ಅರವತ್ತು ದಾಟುವ ಹೊತ್ತಿಗೆ ಯೌವನದಲ್ಲಿದ್ದುದರ ಅರ್ಧಕ್ಕಿಂತಲೂ ಕಡಿಮೆಯಾಗಿರುವುದು ಅಪರೂಪವಲ್ಲ. ಇದೇ ಕಾಲದಲ್ಲಿ ಸ್ನಾಯು ಕರಗಿ ಹೊಟ್ಟೆಯ ಸುತ್ತ ಬೊಜ್ಜು ಸೇರುತ್ತದೆ. ಎರಡೂ ಒಟ್ಟಿಗೆ ನಡೆಯುವುದರಿಂದ, ತಗ್ಗಿದ ಹಾರ್ಮೋನನ್ನು ಹೊರಗಿನಿಂದ ತುಂಬಿದರೆ ಯೌವನವೂ ಮರಳಬಹುದಲ್ಲವೇ ಎಂಬ ಆಸೆ ಹುಟ್ಟುವುದು ಸಹಜ.

1990ರ ಎರಡು ಅಧ್ಯಯನಗಳು

ಈ ಆಸೆಗೆ ಮೂಲವಾದದ್ದು 1990ರ ಜುಲೈಯಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಡಾ. ಡೇನಿಯಲ್ ರಡ್‌ಮನ್ ಮತ್ತು ಸಂಗಡಿಗರ ಪ್ರಬಂಧ. 61ರಿಂದ 81 ವರ್ಷದ 21 ಪುರುಷರಲ್ಲಿ 12 ಮಂದಿಗೆ ಆರು ತಿಂಗಳ ಕಾಲ, ವಾರಕ್ಕೆ ಮೂರು ಬಾರಿ ಈ ಚುಚ್ಚುಮದ್ದನ್ನು ಕೊಡಲಾಯಿತು. ಅವರಲ್ಲಿ ಕೊಬ್ಬಿಲ್ಲದ ದೇಹತೂಕ ಶೇ. 8.8ರಷ್ಟು ಹೆಚ್ಚಿತು, ಕೊಬ್ಬು ಶೇ. 14.4ರಷ್ಟು ಇಳಿಯಿತು. ಈ ಬದಲಾವಣೆಗಳು ಹತ್ತರಿಂದ ಇಪ್ಪತ್ತು ವರ್ಷಗಳ ವಯಸ್ಸಾಗುವಿಕೆಯಲ್ಲಿ ಆಗುವಷ್ಟು ಪ್ರಮಾಣದವು ಎಂದು ಲೇಖಕರು ಬರೆದರು. ಇಂದಿನ ಜಾಹೀರಾತುಗಳಲ್ಲಿ ಕಾಣುವ ಇಪ್ಪತ್ತು ವರ್ಷದ ಮಾತಿನ ಬೇರು ಇಲ್ಲಿದೆ. ಆದರೆ ಆ ಪುರುಷರ ಬಲ ಹೆಚ್ಚಿತೇ, ನಡಿಗೆ ಚುರುಕಾಯಿತೇ ಎಂಬುದನ್ನು ಆ ಅಧ್ಯಯನ ಅಳೆದಿರಲಿಲ್ಲ. ಮಾರುವವರು ಇಪ್ಪತ್ತು ವರ್ಷವನ್ನು ಉಳಿಸಿಕೊಂಡು, ಈ ಮಾತನ್ನು ಬಿಟ್ಟರು.

ಅಳೆದು ನೋಡಿದವರು ಕಂಡದ್ದು ಬೇರೆ. 1996ರಲ್ಲಿ ಪ್ರಕಟವಾದ, ಎಪ್ಪತ್ತರ ಆಸುಪಾಸಿನ ಹಾಗೂ ಅದಕ್ಕೂ ಹಿರಿಯರಾದ 52 ಆರೋಗ್ಯವಂತ ಪುರುಷರ ಅಧ್ಯಯನದಲ್ಲಿಯೂ ಮಾಂಸ ಹೆಚ್ಚಿತು, ಕೊಬ್ಬು ಇಳಿಯಿತು. ಸ್ನಾಯುಬಲ ಮಾತ್ರ ಮದ್ದು ಪಡೆಯದವರಿಗಿಂತ ಹೆಚ್ಚಲಿಲ್ಲ. 2007ರಲ್ಲಿ ಅದುವರೆಗಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ದೊರೆತ ಲಾಭವೆಂದರೆ ಸುಮಾರು ಎರಡು ಕಿಲೋ ಕೊಬ್ಬು ಇಳಿದು, ಅಷ್ಟೇ ಕೊಬ್ಬಿಲ್ಲದ ತೂಕ ಸೇರಿದ್ದು. ಆ ತೂಕದಲ್ಲಿ ದೇಹ ಹಿಡಿದಿಟ್ಟ ನೀರಿನ ಪಾಲೂ ಇರುತ್ತದೆ.

ಈಗ ಎರಡನೆಯ ಅಧ್ಯಯನದ ಮಾತು. ಅದೇ 1990ರಲ್ಲಿ, ರಡ್‌ಮನ್ನರ ಪ್ರಬಂಧಕ್ಕೆ ಒಂದು ತಿಂಗಳು ಮೊದಲು, ಬಾಸ್ಟನ್ ನಗರದ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ನಡೆದ ಪ್ರಯೋಗದ ವರದಿಯನ್ನು ಡಾ. ಮರಿಯಾ ಫಿಯಟರೋನ್ ಮತ್ತು ಸಂಗಡಿಗರು ಪ್ರಕಟಿಸಿದರು. ಸರಾಸರಿ 90 ವರ್ಷದ ಹತ್ತು ಮಂದಿ ನಿಶ್ಶಕ್ತ ವೃದ್ಧರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಲಾಯಿತು. ಕೊನೆಯವರೆಗೆ ಉಳಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು, ನಡಿಗೆಯೂ ಸುಧಾರಿಸಿತು. ಇಲ್ಲಿ ಯಾವ ಚುಚ್ಚುಮದ್ದೂ ಇರಲಿಲ್ಲ. ಬಲವನ್ನು ಹೆಚ್ಚಿಸಿದ ಈ ಪ್ರಯೋಗ ಜನರ ಕಿವಿಗೆ ಬೀಳಲಿಲ್ಲ. ಬಲವನ್ನು ಅಳೆಯದ ಆ ಪ್ರಯೋಗ ಜಗತ್ತಿನಾದ್ಯಂತ ಮಾರುಕಟ್ಟೆಯಾಯಿತು. ಬೆವರನ್ನು ಸೀಸೆಯಲ್ಲಿ ತುಂಬಿ ಮಾರಲು ಬರುವುದಿಲ್ಲವಷ್ಟೆ.

ಅತಿಯಾದರೆ ಹಾನಿ

ಅಗತ್ಯವಿಲ್ಲದವರು ಈ ಮದ್ದನ್ನು ತೆಗೆದುಕೊಂಡಾಗ ಕಾಲು ಕೈಗಳಲ್ಲಿ ಬಾವು, ಕೀಲುನೋವು, ಮಣಿಕಟ್ಟಿನ ನರ ಒತ್ತಿ ಬೆರಳು ಜೋಮು ಹಿಡಿಯುವುದು, ಪುರುಷರಲ್ಲಿ ಸ್ತನ ಬೆಳೆಯುವುದು ಮುಂತಾದ ತೊಂದರೆಗಳು ಕಂಡುಬಂದಿವೆ. ಕೀಲುನೋವು ನೀಗಲೆಂದು ಹೋದವರಿಗೆ ಕೀಲುನೋವೇ ಉಡುಗೊರೆ! ಇದಕ್ಕಿಂತ ಗಂಭೀರವಾದದ್ದು ಮತ್ತೊಂದಿದೆ. ಈ ಹಾರ್ಮೋನು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬಂದು ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಮನೆಮನೆಯಲ್ಲಿಯೂ ಮಧುಮೇಹಿಗಳಿರುವ ನಮ್ಮ ರಾಜಾಜಿನಗರ, ಬಸವೇಶ್ವರನಗರಗಳಲ್ಲಿ ಇದು ಹಗುರವಾಗಿ ತೆಗೆದುಕೊಳ್ಳುವ ಮಾತಲ್ಲ.

ಪಿಟ್ಯೂಟರಿಯಲ್ಲಿ ಗಡ್ಡೆಯಾಗಿ ಈ ಹಾರ್ಮೋನು ಅತಿಯಾದವರಿಗೆ ಆಕ್ರೋಮೆಗಲಿ ಎಂಬ ರೋಗ ಬರುತ್ತದೆ. ಉಂಗುರ, ಚಪ್ಪಲಿಗಳು ಬಿಗಿಯಾಗುವಂತೆ ಕೈಕಾಲುಗಳು ದಪ್ಪವಾಗುತ್ತವೆ. ಚಿಕಿತ್ಸೆಯಿಲ್ಲದಿದ್ದರೆ ಹೃದ್ರೋಗ, ಮಧುಮೇಹಗಳು ಕಾಡಿ ಆಯುಸ್ಸು ಕುಂದುತ್ತದೆ. ಇದಕ್ಕೆ ತದ್ವಿರುದ್ಧವಾದ ನಿದರ್ಶನವೂ ಉಂಟು. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಲ್ಲಿ ಲಾರಾನ್ ಸಿಂಡ್ರೋಮ್ ಎಂಬ ಆನುವಂಶಿಕ ಸ್ಥಿತಿಯುಳ್ಳ ಸುಮಾರು ನೂರು ಮಂದಿ ಇದ್ದಾರೆ. ಅವರ ದೇಹ ಈ ಹಾರ್ಮೋನಿಗೆ ಸ್ಪಂದಿಸದ ಕಾರಣ ಅವರು ಬಹಳ ಕುಳ್ಳರು. ಆದರೆ ಅವರಲ್ಲಿ ಮಧುಮೇಹವೂ ಕ್ಯಾನ್ಸರೂ ಅತಿ ವಿರಳವೆಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಪ್ರಯೋಗಾಲಯದಲ್ಲಿಯೂ ಈ ಹಾರ್ಮೋನು ಇಲ್ಲದ ಇಲಿಗಳು ಉಳಿದವುಗಳಿಗಿಂತ ಹೆಚ್ಚು ಕಾಲ ಬದುಕುತ್ತವೆ. ವಯಸ್ಸಿನೊಂದಿಗೆ ಇದು ತಗ್ಗುವುದು ದೇಹದ ಸೋಲೆಂದು ತಿಳಿಯಬೇಕಾಗಿಲ್ಲ. ಅದರಲ್ಲಿ ಒಂದು ರಕ್ಷಣೆಯೂ ಇರಬಹುದೆಂದು ಹಲವು ವಿಜ್ಞಾನಿಗಳು ಭಾವಿಸುತ್ತಾರೆ.

ಜಿಮ್ಮಿಗೆ ಹೋಗುವ ನಮ್ಮ ತರುಣರಿಗೂ ಒಂದು ಮಾತು. ಪ್ರೋಟೀನಾದ ಈ ಹಾರ್ಮೋನನ್ನು ಮಾತ್ರೆ ಅಥವಾ ಪುಡಿಯಾಗಿ ನುಂಗಿದರೆ ಬೇಳೆಯಂತೆ ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ. ಸೂಜಿಯ ಮೂಲಕ ತೆಗೆದುಕೊಳ್ಳುವುದು ಕ್ರೀಡಾಲೋಕದಲ್ಲಿ ನಿಷಿದ್ಧ. ಕದ್ದುಮುಚ್ಚಿ ಮಾರುವ ಸೀಸೆಯಲ್ಲಿ ಏನಿದೆಯೆಂದು ಹೇಳುವವರೂ ಇಲ್ಲ.

ನಿಜವಾಗಿ ಬೇಕಾದವರು

ಹಾಗೆಂದು ಈ ಮದ್ದನ್ನೇ ಹಳಿಯುವುದು ತಪ್ಪಾಗುತ್ತದೆ. ಹಿಂದೆ ಮೃತರ ಪಿಟ್ಯೂಟರಿಗಳಿಂದ ಇದನ್ನು ತೆಗೆಯುತ್ತಿದ್ದರು. ಅದರಿಂದ ಕೆಲವರಿಗೆ ಮಾರಕವಾದ ಮೆದುಳಿನ ರೋಗ ತಗುಲಿದ್ದು 1985ರಲ್ಲಿ ಬೆಳಕಿಗೆ ಬಂದು ಆ ವಿಧಾನ ನಿಂತಿತು. ಅದೇ ವರ್ಷ ಪ್ರಯೋಗಾಲಯದಲ್ಲಿ ತಯಾರಾದ ಶುದ್ಧ ಹಾರ್ಮೋನಿಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಹಾರ್ಮೋನಿನ ಕೊರತೆಯುಳ್ಳ ಮಕ್ಕಳಿಗೆ, ಟರ್ನರ್ ಸಿಂಡ್ರೋಮ್ ಇರುವ ಹೆಣ್ಣುಮಕ್ಕಳಿಗೆ ಇದು ನಿಜವಾದ ವರ. ಪಿಟ್ಯೂಟರಿಯ ಶಸ್ತ್ರಚಿಕಿತ್ಸೆಗೊಳಗಾದ ಕೆಲವು ವಯಸ್ಕರಿಗೂ, ಪರೀಕ್ಷೆಯಿಂದ ಕೊರತೆ ಖಚಿತವಾದಾಗ, ಇದನ್ನು ಕೊಡುತ್ತಾರೆ.

ಅಜ್ಜ ಅಜ್ಜಿಯರು ಗಮನಿಸಬೇಕಾದದ್ದು ತಮ್ಮ ಸುಕ್ಕುಗಳನ್ನಲ್ಲ, ಮೊಮ್ಮಕ್ಕಳ ಎತ್ತರವನ್ನು. ನಾಲ್ಕು ವರ್ಷದಿಂದ ಹರೆಯದವರೆಗೆ ಮಗು ವರ್ಷಕ್ಕೆ ಸುಮಾರು ಐದರಿಂದ ಆರು ಸೆಂಟಿಮೀಟರ್ ಬೆಳೆಯಬೇಕು. ಪ್ರತಿ ಹುಟ್ಟುಹಬ್ಬದಂದು ಗೋಡೆಯ ಮೇಲೆ ಗೆರೆ ಎಳೆದು ನೋಡಿರಿ. ಬೆಳವಣಿಗೆ ನಾಲ್ಕು ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ, ಅಥವಾ ಓರಗೆಯ ಮಕ್ಕಳಿಗಿಂತ ತೀರ ಹಿಂದುಳಿದಿದ್ದರೆ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ಯಿರಿ. ಗಿಡ್ಡಗಿರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಯಾವ ರೋಗವೂ ಇರುವುದಿಲ್ಲ; ಕೆಲವರಿಗೆ ಥೈರಾಯಿಡ್ ಕೊರತೆ ಅಥವಾ ಅಪೌಷ್ಟಿಕತೆ ಇರುತ್ತದೆ; ಬೆಳವಣಿಗೆಯ ಹಾರ್ಮೋನಿನ ಕೊರತೆ ಕೆಲವೇ ಮಕ್ಕಳಲ್ಲಿ ಮಾತ್ರ. ಆದರೆ ಹರೆಯ ಮುಗಿದು ಎಲುಬಿನ ತುದಿಗಳು ಬೆಸೆದುಕೊಂಡ ಮೇಲೆ ಯಾವ ಮದ್ದಿನಿಂದಲೂ ಎತ್ತರ ಹೆಚ್ಚದು. ಮದುವೆಯ ಮಾತು ಬಂದಾಗ ಎಚ್ಚೆತ್ತರೆ ಕಾಲ ಮೀರಿರುತ್ತದೆ. ಚಿಕಿತ್ಸೆ ದುಬಾರಿ, ಆದರೆ ಕೇಂದ್ರ ಸರ್ಕಾರದ 2021ರ ವಿರಳ ರೋಗಗಳ ನೀತಿಯಲ್ಲಿ ಖಚಿತಪಟ್ಟ ಈ ಕೊರತೆಯೂ ಸೇರಿದೆ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಈ ಕುರಿತು ವಿಚಾರಿಸಬಹುದು.

ನಿದ್ರೆ, ಕಾಯಕ, ಪ್ರಸಾದ

ಹಾಗಾದರೆ ಹಿರಿಯರು ಮಾಡಬೇಕಾದದ್ದೇನು? ದೇಹದೊಳಗಿನ ಹಾರ್ಮೋನು ತನ್ನ ಕೆಲಸವನ್ನು ಮಾಡಲು ಬಿಡುವುದು ಮೊದಲನೆಯದು. ಗಾಢ ನಿದ್ರೆ ಕಡಿಮೆಯಾದಂತೆ ಅದರ ಸ್ರಾವವೂ ಕಡಿಮೆಯಾಗುತ್ತದೆ. ಬ್ರಾಹ್ಮೀ ಮುಹೂರ್ತದಲ್ಲಿ ಏಳುವ ಸಂಪ್ರದಾಯ ನಮ್ಮದು. ಆದರೆ ಹನ್ನೊಂದೂವರೆಯವರೆಗೆ ಧಾರಾವಾಹಿ ಅಥವಾ ಮೊಬೈಲು ನೋಡಿ ನಾಲ್ಕಕ್ಕೆ ಏಳುವುದು ಆ ಸಂಪ್ರದಾಯವಲ್ಲ. ಬೇಗ ಏಳುವವರು ಬೇಗ ಮಲಗಬೇಕು. ರಕ್ತದಲ್ಲಿ ಸಕ್ಕರೆ ಏರಿದಾಗ ಈ ಹಾರ್ಮೋನು ತಗ್ಗುವುದರಿಂದ, ಮಲಗುವ ಮುನ್ನ ಸಿಹಿತಿಂಡಿ ತಿನ್ನುವ ಅಭ್ಯಾಸವನ್ನು ಬಿಡುವುದು ಲೇಸು.

ಎರಡನೆಯದು ಮೈಬಗ್ಗಿಸುವ ಕಾಯಕ. ಮುಂಜಾನೆ ಜ್ಞಾನಭಾರತಿಯ ಮರಗಳ ನಡುವೆ ಕೆಂಗೇರಿ, ನಾಗರಭಾವಿಗಳ ಹಿರಿಯರು ನಡೆಯುವುದನ್ನು ಕಂಡಾಗ ಸಂತೋಷವಾಗುತ್ತದೆ. ನಡಿಗೆ ಹೃದಯಕ್ಕೆ ಒಳ್ಳೆಯದು. ತೊಡೆಯ ಸ್ನಾಯುಗಳಿಗೆ ಅದೊಂದೇ ಸಾಲದು. ವಾರಕ್ಕೆ ಕನಿಷ್ಠ 150 ನಿಮಿಷಗಳ ಚಟುವಟಿಕೆಯ ಜೊತೆಗೆ, ಎರಡು ದಿನವಾದರೂ ಸ್ನಾಯುಗಳಿಗೆ ಭಾರ ಬೀಳುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೈಯೂರದೆ ಕುರ್ಚಿಯಿಂದ ಹತ್ತು ಬಾರಿ ಎದ್ದು ಕುಳಿತುಕೊಳ್ಳುವುದು, ಗೋಡೆಗೆ ಕೈಯಿಟ್ಟು ದೇಹವನ್ನು ತಳ್ಳುವುದು, ಮೆಟ್ರೊ ನಿಲ್ದಾಣದಲ್ಲಿ ಕೈಹಿಡಿ ಹಿಡಿದು ಮೆಟ್ಟಿಲು ಹತ್ತುವುದು ಇವುಗಳಿಂದ ಆರಂಭಿಸಬಹುದು. ಹೃದ್ರೋಗ ಅಥವಾ ತೀವ್ರ ಮಂಡಿನೋವು ಇರುವವರು ಮೊದಲು ವೈದ್ಯರನ್ನು ಕೇಳತಕ್ಕದ್ದು.

ಮೂರನೆಯದು ಆಹಾರ. ಸಸ್ಯಾಹಾರಿಗಳಾದ ನಮ್ಮ ಹಿರಿಯರು ರಾತ್ರಿ ಗಂಜಿ ಅಥವಾ ಅನ್ನ-ತಿಳಿಸಾರಿಗೆ ಇಳಿದುಬಿಡುತ್ತಾರೆ. ಆಗ ಸ್ನಾಯುವಿಗೆ ಬೇಕಾದ ಪ್ರೋಟೀನು ದೊರೆಯುವುದಿಲ್ಲ. ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು ಒಂದು ಗ್ರಾಂ ಪ್ರೋಟೀನು ಹಿರಿಯರಿಗೆ ಬೇಕೆಂಬುದು ಹಲವು ತಜ್ಞರ ಅಭಿಪ್ರಾಯ. 50 ಗ್ರಾಂ ಹೆಸರುಬೇಳೆಯಲ್ಲಿ ಸುಮಾರು 12 ಗ್ರಾಂ, ಒಂದು ಲೋಟ ಹಾಲಿನಲ್ಲಿ ಆರರಿಂದ ಏಳು ಗ್ರಾಂ, ಒಂದು ಹಿಡಿ ಶೇಂಗಾದಲ್ಲಿ ಸುಮಾರು ಏಳು ಗ್ರಾಂ ಇದೆ. ಅವರೆ, ಅಲಸಂದೆ, ಕಡಲೆ ಕಾಳಿನ ಪಲ್ಯ, ಗಟ್ಟಿ ಮೊಸರು, ರೊಟ್ಟಿಯೊಡನೆ ಶೇಂಗಾ ಚಟ್ನಿ ಇವು ನಮ್ಮ ಅಡುಗೆಮನೆಗೆ ಹೊಸತಲ್ಲ. ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ ವೈದ್ಯರು ಹೇಳಿದ ಮಿತಿಯಲ್ಲಿರಬೇಕು.

ದೀರ್ಘಾಯುಷ್ಯವೆಂದೊಡನೆ ನಮ್ಮೆಲ್ಲರ ಕಣ್ಮುಂದೆ ನಿಲ್ಲುವವರು ಸಿದ್ಧಗಂಗೆಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳು. ನಮ್ಮ ಮಾಗಡಿ ರಸ್ತೆ ಮುಂದೆ ಸಾಗಿ ತಲುಪುವ ಮಾಗಡಿ ಸೀಮೆಯ ವೀರಾಪುರದಲ್ಲಿ ಜನಿಸಿ, 111 ವರ್ಷ ಬಾಳಿ, 2019ರ ಜನವರಿ 21ರಂದು ಲಿಂಗೈಕ್ಯರಾದರು. ಅವರಂತೆ ಉಂಡರೆ, ಅವರಂತೆ ನಡೆದರೆ ಎಲ್ಲರೂ ಅಷ್ಟೇ ವರ್ಷ ಬದುಕುತ್ತಾರೆಂದು ಹೇಳಲಾಗದು. ವಂಶದ ಪಾಲೂ ಆಯುಸ್ಸಿನಲ್ಲಿರುತ್ತದೆ. ಆದರೆ ನೂರು ದಾಟಿದ ಮೇಲೂ ಕಾಯಕವನ್ನು ಬಿಡದ ಆ ಬದುಕು ಮುಪ್ಪನ್ನು ಹೇಗೆ ಕಾಣಬೇಕೆಂಬುದನ್ನು ಕಲಿಸುತ್ತದೆ. ಶರಣರು ದೇಹವನ್ನು ಹಳಿಯಲಿಲ್ಲ. ಶಿವನಿರುವ ತಾಣವೆಂದು ಗೌರವಿಸಿದರು. ಹಳೆಯ ಗುಡಿಯನ್ನು ಶುಚಿಯಾಗಿ, ಭದ್ರವಾಗಿ ಇಟ್ಟುಕೊಳ್ಳುವುದು ಭಕ್ತನ ಕೆಲಸ. ಅದು ಹಳೆಯದಲ್ಲವೆಂದು ತೋರಿಸುವುದು ಯಾರ ಕೆಲಸವೂ ಅಲ್ಲ.

ವಿಜಯನಗರದ ಆ ಹಿರಿಯರಿಗೆ ನಾವು ಹೇಳಿದ್ದು ಇಷ್ಟೆ: ಹಣವನ್ನು ಬ್ಯಾಂಕಿನಲ್ಲಿಯೇ ಇಡಿರಿ, ಆಯಾಸಕ್ಕೆ ರಕ್ತಹೀನತೆ, ಥೈರಾಯಿಡ್, ಸಕ್ಕರೆ, ಹೃದಯ ಇವುಗಳಲ್ಲಿ ಯಾವುದು ಕಾರಣವೆಂದು ವೈದ್ಯರಲ್ಲಿ ಪರೀಕ್ಷಿಸಿಕೊಳ್ಳಿರಿ, ನಾಳೆ ಬೆಳಗಿನಿಂದ ಕುರ್ಚಿಯಿಂದ ಹತ್ತು ಬಾರಿ ಏಳಿರಿ. ಕೇಳಿ ನಕ್ಕರು. ಮುಂದಿನ ಗೋಷ್ಠಿಯಲ್ಲಿ ಲೆಕ್ಕ ಒಪ್ಪಿಸುವುದಾಗಿ ಮಾತು ಕೊಟ್ಟಿದ್ದಾರೆ. ಓದುಗರೂ ತಮ್ಮ ಲೆಕ್ಕವನ್ನು ಇಂದೇ ಆರಂಭಿಸಲಿ ಎಂಬುದು ನಮ್ಮ ಪ್ರಾರ್ಥನೆ.